ಪ್ರೊಫೆಸರು ಊರು ಕೇಳಿದ್ದು

ಪ್ರೊಫೆಸರ್ ವೆಂಕಟಸುಬ್ಬಯ್ಯನವರು ಶಿವಾಜಿನಗರವನ್ನು ‘ಫೀಲ್ಡು’ ಎಂದು ಕರೆಯುತ್ತಿದ್ದರು. ಇಂದಿರಾನಗರದ ಮನೆಯ ಮುಂದೆ ಆಟೋ ಹತ್ತಿ, ಹಲಸೂರು ಕೆರೆಯ ಪಕ್ಕದಿಂದ ಬಂದು, ರಸೆಲ್ ಮಾರ್ಕೆಟ್ಟಿನ ಹತ್ತಿರ ಇಳಿದುಬಿಟ್ಟರೆ ಅವರು ಫೀಲ್ಡಿಗೆ ಬಂದ ಹಾಗೆ. ಅಷ್ಟಕ್ಕೇ ಹೆಗಲಿಗೊಂದು ಜೋಳಿಗೆ, ತಲೆಗೊಂದು ಬಟ್ಟೆಯ ಟೋಪಿ, ಕುತ್ತಿಗೆಗೆ ಕ್ಯಾಮೆರಾ, ಕೈಯಲ್ಲಿ ಕಾಯಿಸಿ ಆರಿಸಿದ ನೀರಿನ ಬಾಟ್ಲಿ. ಕಾಶಿಯಾತ್ರೆಗೆ ಹೊರಟವರೂ ಇಷ್ಟು ಸಿದ್ಧತೆ ಮಾಡಿಕೊಳ್ಳುವುದಿಲ್ಲ ಎಂದು ಐರೀನ್ ಯಾಪ್ ಮೊದಲ ದಿನವೇ ಅಂದುಕೊಂಡಳು. ಆಮೇಲೆ ಅವರ ಬಗ್ಗೆ ಅವಳು ಅಂದುಕೊಂಡದ್ದರಲ್ಲಿ ಇದೇ ಮೆತ್ತನೆಯ ಮಾತು.

ಐರೀನ್ ಕುಕ್ ಟೌನಿನಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಳು. ವಯಸ್ಸು ನಲವತ್ತೇಳು. ಹುಟ್ಟಿದ್ದು ಬೌರಿಂಗ್ ಆಸ್ಪತ್ರೆಯಲ್ಲಿ, ಬೆಳೆದದ್ದು ಶಿವಾಜಿನಗರದ ಗಲ್ಲಿಯಲ್ಲಿ, ಬೈದಾಡಲು ಕಲಿತದ್ದು ತಮಿಳು ಮತ್ತು ದಖ್ಖನಿಯಲ್ಲಿ, ಮದುವೆ ಬೇಡ ಎಂದು ಅಪ್ಪನಿಗೆ ಹೇಳಿದ್ದು ಕನ್ನಡದಲ್ಲಿ. ತನ್ನ ಹಿರಿಯರ ಚೀನಾ ದೇಶವನ್ನು ಅವಳು ನೋಡಿದ್ದು ಟೀವಿಯಲ್ಲಿ ಮಾತ್ರ, ಅದೂ ಪಿಂಗ್‌ಪಾಂಗ್ ಆಟ ಬಂದಾಗ. ಯಾರನ್ನು ಕಂಡರೂ ಅವಳಿಗೆ ಅಷ್ಟಕ್ಕಷ್ಟೆ. ಹದಿನೈದು ನಿಮಿಷದಲ್ಲಿ ಬೆಳ್ಳಗಾಗಬೇಕು ಎಂದು ಬರುವ ಗಿರಾಕಿಗಳನ್ನು ಕಂಡರೆ ತಾತ್ಸಾರ. ಕಲ್ಕತ್ತದಿಂದ ಮೊನ್ನೆ ಬಂದು ಹೋಟೆಲು ತೆರೆದು, ಹೂಕೋಸಿಗೆ ಕೆಂಪು ಬಣ್ಣ ಬಳಿದು ‘ಒರಿಜಿನಲ್ ಚೈನೀಸ್’ ಎಂದು ಬೋರ್ಡು ಹಾಕುವ ತನ್ನವರನ್ನು ಕಂಡರೆ ಇನ್ನೂ ತಾತ್ಸಾರ. ಅವಳು ಮನಸಾರೆ ಒಪ್ಪಿಕೊಂಡ ಮನುಷ್ಯ ಒಬ್ಬನೇ, ಅವಳ ಅಪ್ಪ ಯಾಪ್ ಮೇಸ್ತ್ರಿ.

ಯಾಪ್ ಮೇಸ್ತ್ರಿ ಕೈಯಲ್ಲಿ ಶೂ ಹೊಲಿಯುತ್ತಿದ್ದವನು. ಆರು ವರ್ಷದವನಾಗಿದ್ದಾಗ ಅವನ ಅಪ್ಪ ಅವನನ್ನು ಕಂಕುಳಿಗೇರಿಸಿಕೊಂಡು ಹಡಗು ಹತ್ತಿ ಕಲ್ಕತ್ತಕ್ಕೆ ಬಂದ, ಅಲ್ಲಿಂದ ದಂಡಿನ ಬೂಟು ಹೊಲಿಯುವ ಕೆಲಸ ಸಿಗುತ್ತದೆಂದು ಬೆಂಗಳೂರಿಗೆ. ಅದಾದ ಮೇಲೆ ಮೇಸ್ತ್ರಿ ಕೆ.ಆರ್. ಪುರದ ಆಚೆಗೆ ಹೋದದ್ದೇ ಅಪರೂಪ. ಆದರೆ ಹುಟ್ಟಿದ್ದು ಚೀನಾದಲ್ಲಿ ಎನ್ನುವ ಒಂದೇ ತಪ್ಪಿಗೆ, ಅರವತ್ತೆರಡರ ಯುದ್ಧದಿಂದೀಚೆಗೆ, ಅವನು ಪ್ರತಿವರ್ಷ ಪೊಲೀಸರ ಕಚೇರಿಗೆ ಹೋಗಿ, ಬೆಂಚಿನ ಮೇಲೆ ಕೂತು, ಇನ್ನೊಂದು ವರ್ಷ ಈ ದೇಶದಲ್ಲಿ ಇರಲು ಅಪ್ಪಣೆ ತರಬೇಕಿತ್ತು. ಕನ್ನಡದಲ್ಲಿ ಪರದೇಶಿ ಎಂದರೆ ಬೇರೆ ದೇಶದವನು ಎಂದೂ ಆಗುತ್ತದೆ, ಗತಿಯಿಲ್ಲದವನು ಎಂದೂ ಆಗುತ್ತದೆ. ಆ ಬೆಂಚಿನ ಮೇಲೆ ಅಪ್ಪ ಕೂತಿದ್ದನ್ನು ನೋಡಿದಾಗ ಎರಡೂ ಒಂದೇ ಎಂದು ಐರೀನ್‌ಗೆ ಅನ್ನಿಸುತ್ತಿತ್ತು.

ಎಪ್ಪತ್ತು ದಾಟಿದ ಮೇಲೆ ಮುದುಕನಿಗೆ ಒಂದು ಆಸೆ ಹತ್ತಿತ್ತು. ಓಟು ಹಾಕಬೇಕು. ಚುನಾವಣೆ ಬಂದಾಗಲೆಲ್ಲ ಗಲ್ಲಿಯವರು ಬೆರಳಿನ ಮಸಿ ತೋರಿಸಿಕೊಂಡು ಅಂಗಡಿಯ ಮುಂದೆ ಹಾದುಹೋಗುವಾಗ ಅವನು ಸೂಜಿ ಕೆಳಗಿಟ್ಟು ನೋಡುತ್ತಿದ್ದ. ಮಗಳು ಅವನ ಹೆಸರಿನಲ್ಲಿ ಪೌರತ್ವಕ್ಕೆ ಅರ್ಜಿ ಹಾಕಿದಳು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ ಅದು ಎಷ್ಟೋ ಮೇಜು ಸುತ್ತಿ, ತೊಂಬತ್ತೆಂಟರ ಹೊತ್ತಿಗೆ ಸ್ಥಳೀಯ ವಿಚಾರಣೆಯ ಹಂತಕ್ಕೆ ಬಂತು. ಹುಲಿಗೆಪ್ಪ ಎಂಬ ಕೊಪ್ಪಳ ಕಡೆಯ ಸಬ್ ಇನ್ಸ್‌ಪೆಕ್ಟರ್ ಗಲ್ಲಿಗೆ ಬಂದು ಅಕ್ಕಪಕ್ಕದವರನ್ನು ಕೇಳಿದ. ಮೇಲಿನ ಮನೆಯ ಶಂಶುನ್ನೀಸಾ, “ಹಮಾರೆ ಚಾಚಾ ಹೈಂ ಸಾಬ್, ಇವರ ಮೇಲೆ ಏನ್ ಪೂಛ್‌ತಾಛ್ ಮಾಡ್ತೀರಾ, ನಾಚಿಕೆ ಆಗಲ್ವಾ?” ಎಂದು ಅವನಿಗೇ ದಬಾಯಿಸಿದಳು. ಹುಲಿಗೆಪ್ಪ ನಕ್ಕು, “ಎಲ್ಲಾ ಚಲೋ ಐತ್ರೀ. ಇನ್ನ ಸಾಹೇಬ್ರು ಬರೆದು ದಿಲ್ಲಿಗೆ ಕಳಿಸೂದೊಂದೇ ಬಾಕಿ” ಎಂದು ಹೋದ. ಮುದುಕ ಆ ದಿನ ಗಲ್ಲಿಗೆಲ್ಲ ಟೀ ಕುಡಿಸಿದ.

ಈ ಹೊತ್ತಿಗೆ ಸರಿಯಾಗಿ ಒಕ್ಕರಿಸಿದವರು ಪ್ರೊಫೆಸರು.

ಅವರ ಹೆಂಡತಿ ಸೀತಮ್ಮ ಐರೀನ್‌ಳ ಹಳೆಯ ಗಿರಾಕಿ. ತಲೆಗೆ ಡೈ ಹಚ್ಚಿಸಿಕೊಂಡು, ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಕೂತಿದ್ದಾಗ ಒಂದು ದಿನ, “ಐರೀನ್, ನಮ್ಮನೆಯವರು ನಿಮ್ಮ ಜನದ ಮೇಲೇ ರಿಸರ್ಚ್ ಮಾಡ್ತಿದಾರಮ್ಮ. ಅಮೆರಿಕಾದಿಂದ ಗ್ರಾಂಟ್ ಬಂದಿದೆ. ನಿಮ್ಮ ಫಾದರ್ ಹತ್ರ ಸ್ವಲ್ಪ ಮಾತಾಡಿಸ್ತೀಯಾ?” ಎಂದಳು.

ನಮ್ಮ ಜನ! ಐರೀನ್‌ಗೆ ಮೊದಲು ಕುಕ್ ಟೌನಿನವರ ಮೇಲೆ ರಿಸರ್ಚ್ ಎಂದೇ ಅನ್ನಿಸಿತು. ಅರ್ಥವಾದ ಮೇಲೆ ಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಸೀತಮ್ಮ ಇಂದಿರಾನಗರದ ಅರ್ಧ ಮಹಿಳಾ ಸಮಾಜವನ್ನೇ ಕರೆತಂದವಳು. ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ. ಐರೀನ್ ಹೂಂ ಎಂದಳು.

ಪ್ರೊಫೆಸರು ಮೂರು ತಿಂಗಳು ಮುದುಕನ ಅಂಗಡಿಯಲ್ಲಿ ಠಿಕಾಣಿ ಹೂಡಿದರು. ಜನರ ಜೊತೆಯಲ್ಲೇ ಇದ್ದು, ಅವರಲ್ಲಿ ಒಬ್ಬರಾಗಿ ನೋಡುವುದು ತಮ್ಮ ವಿಧಾನ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಒಬ್ಬರಾದದ್ದು ಹೇಗೆಂದರೆ, ಮುದುಕ ಕೊಟ್ಟ ಟೀ ಮುಟ್ಟದೆ ಬಾಟ್ಲಿಯ ನೀರು ಕುಡಿದು. ಮಧ್ಯಾಹ್ನ ಮುದುಕ ಅನ್ನಕ್ಕೆ ಮೆಣಸಿನ ಸಾರು ಕಲೆಸಿ ಕೈಯಲ್ಲಿ ಉಣ್ಣುತ್ತಿದ್ದರೆ, “ಕಡ್ಡಿಯಲ್ಲಿ ತಿನ್ನಲ್ವಾ?” ಎಂದು ಕೇಳಿ, ಇಲ್ಲವೆಂದಾಗ ಮದುವೆಮನೆಯಲ್ಲಿ ಹೋಳಿಗೆ ಇಲ್ಲ ಅಂದವರ ಹಾಗೆ ಮುಖ ಮಾಡಿದರು. ಮರುದಿನ ತಾವೇ ಒಂದು ಜೊತೆ ಕಡ್ಡಿ ತಂದು ಕೊಟ್ಟು ಫೋಟೋ ತೆಗೆದರು. ಗೋಡೆಯ ಮೇಲೆ ಮುದುಕನ ಅಪ್ಪ ಅಮ್ಮನ ಪಟ, ಪಕ್ಕದಲ್ಲಿ ವೇಳಾಂಗಣ್ಣಿ ಮಾತೆಯ ಕ್ಯಾಲೆಂಡರು, ಅದರ ಪಕ್ಕದಲ್ಲಿ ಗಣಪತಿ ಇದ್ದವು. “ಈ ಎರಡನ್ನ ಸ್ವಲ್ಪ ತೆಗೀಬಹುದಾ? ಫ್ರೇಮಲ್ಲಿ ಕನ್‌ಫ್ಯೂಷನ್ ಆಗುತ್ತೆ” ಎಂದರು. ಮುದುಕ ತೆಗೆದು, ಫೋಟೋ ಆದ ಮೇಲೆ ಮತ್ತೆ ನೇತುಹಾಕಿ, ಎರಡಕ್ಕೂ ಕೈಮುಗಿದ.

“ಯಾಕೆ ಅಪ್ಪಾ ಅವರು ಹೇಳ್ದಂಗೆಲ್ಲಾ ಕುಣೀತೀಯಾ?” ಎಂದು ಐರೀನ್ ರೇಗಿದಳು.

“ಪಾಪ, ಓದ್ದೋರು. ಕಾಲು ನೋಡಿದೀಯಾ ಅವರದ್ದು? ಚಪ್ಪಟೆ ಪಾದ. ಆ ಕ್ಯಾನ್ವಾಸ್ ಹಾಕ್ಕೊಂಡ್ರೆ ಮಂಡಿ ಹೋಗ್ಬಿಡುತ್ತೆ” ಎಂದು ಮುದುಕ ಮರುಕಪಟ್ಟ. ಅಪ್ಪನ ಈ ಒಂದು ಗುಣ ಮಾತ್ರ ಐರೀನ್‌ಗೆ ಸಹಿಸಲು ಆಗುತ್ತಿರಲಿಲ್ಲ.

ಅವಳೂ ಕೂತಿದ್ದ ಒಂದು ಭಾನುವಾರ ಪ್ರೊಫೆಸರು ಟೇಪ್ ರೆಕಾರ್ಡರ್ ಒತ್ತಿ, ಮುಂದಕ್ಕೆ ಬಾಗಿ, ತುಂಬ ಆತ್ಮೀಯವಾದ ದನಿಯಲ್ಲಿ ಕೇಳಿದರು: “ಮೇಸ್ತ್ರಿಗಳೇ, ನಿಮ್ಮೂರು ಯಾವುದು?”

ಈ ಪ್ರಶ್ನೆಗೆ ಕನ್ನಡ ಬಲ್ಲ ಯಾರು ತಾನೇ ಯೋಚಿಸಿ ಉತ್ತರ ಕೊಡುತ್ತಾರೆ? ಮರ್ಫಿ ಟೌನಿನಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಮೊಮ್ಮಕ್ಕಳನ್ನು ಕಂಡವನೂ ಊರು ಯಾವುದು ಎಂದರೆ ತಾತ ಬಿಟ್ಟು ಬಂದ ಹಳ್ಳಿಯ ಹೆಸರೇ ಹೇಳುತ್ತಾನೆ. ಇರುವ ಜಾಗ ಮನೆ, ಇಲ್ಲದ ಜಾಗ ಊರು. ಯಾಪ್ ಮೇಸ್ತ್ರಿಯೂ ಎಪ್ಪತ್ತು ವರ್ಷ ಈ ನೆಲದ ಮಾತಾಡಿದವನು. ಖುಷಿಯಿಂದ ಹೇಳಿದ: “ನಮ್ಮೂರು ಮೊಯ್‌ಯೆನ್ ಸಾರ್. ಚೀನಾದಲ್ಲಿ. ಚಕ್ಕೋತ ಬೆಳೀತಾರೆ, ನಮ್ಮ ದೇವನಹಳ್ಳಿ ಚಕ್ಕೋತ ಇದ್ಯಲ್ಲ, ಹಂಗೇ. ಅದಕ್ಕಿಂತ ಸಿಹಿ ಅಂತಿದ್ರು ನಮ್ಮಪ್ಪ. ನಂಗೆ ಜ್ಞಾಪಕ ಇಲ್ಲ.”

“ಹೋಗ್ಬೇಕು ಅನ್ಸುತ್ತಾ?”

“ಊರು ಅಂದ್ಮೇಲೆ ಅನ್ಸಲ್ವಾ ಸಾರ್?” ಎಂದು ಮುದುಕ ನಕ್ಕ.

ಪ್ರೊಫೆಸರ ಕಣ್ಣು ಒದ್ದೆಯಾಯಿತು. ನಿಧಿ ಸಿಕ್ಕವರ ಕಣ್ಣು ಹಾಗೇ ಆಗುತ್ತದೆ.

ಆ ವರ್ಷ ಮೇ ತಿಂಗಳಲ್ಲಿ ಪೋಖ್ರಾನಿನಲ್ಲಿ ಬಾಂಬು ಸಿಡಿಯಿತು. ಚೀನಾವೇ ನಮ್ಮ ದೊಡ್ಡ ವೈರಿ ಎಂದು ದಿಲ್ಲಿಯಲ್ಲಿ ದೊಡ್ಡವರು ಅಂದರು. ಬೆಂಗಳೂರಿನ ಪತ್ರಿಕೆಗಳಿಗೆ ಕೈಗೆ ಸಿಗುವಂಥ ಒಬ್ಬ ಚೀನೀಯ ಬೇಕಾದ. ಪ್ರೊಫೆಸರು ಆಗಷ್ಟೇ ಒಂದು ವಿಚಾರ ಸಂಕಿರಣದಲ್ಲಿ ತಮ್ಮ ಪೇಪರ್ ಓದಿದ್ದರು. ಒಂದು ಸಂಜೆ ಪತ್ರಿಕೆಯವರು ಕೇಳಿದ್ದೇ ತಡ, ಅದನ್ನು ತಾವೇ ಕನ್ನಡಕ್ಕೆ ಮಾಡಿ, ಫೋಟೋ ಸಮೇತ ಕೊಟ್ಟರು. ‘ಎಪ್ಪತ್ತು ವರ್ಷವಾದರೂ ಚೀನಾವೇ ನಮ್ಮೂರು!’ ಎಂದು ತಲೆಬರಹ. ಕೆಳಗೆ ಕಡ್ಡಿ ಹಿಡಿದುಕೊಂಡ ಯಾಪ್ ಮೇಸ್ತ್ರಿ. ಈ ಸಮುದಾಯದ ದೇಹ ಇಲ್ಲಿದ್ದರೂ ಮನಸ್ಸು ಅಲ್ಲಿದೆ, ಮರಳುವ ಹಂಬಲ ಬೂದಿ ಮುಚ್ಚಿದ ಕೆಂಡದಂತಿದೆ, ಹೀಗೆಲ್ಲ ಬರೆದಿದ್ದರು. ಸಾಲದು ಎಂಬಂತೆ ಇಂಗ್ಲಿಷಿನ ‘ಇನ್‌ಫಾರ್ಮೆಂಟ್’ ಎಂಬ ತಮ್ಮ ಶಾಸ್ತ್ರದ ಪದವನ್ನು ನಿಘಂಟು ನೋಡಿ ಕನ್ನಡಕ್ಕೆ ತಂದಿದ್ದರು. ಫೋಟೋದ ಕೆಳಗೆ ‘ಪ್ರಮುಖ ಮಾಹಿತಿದಾರ ಯಾಪ್’ ಎಂದಿತ್ತು.

ಮೂರನೇ ದಿನ ಹುಲಿಗೆಪ್ಪ ಬಂದ. ಈ ಸಲ ಪಾರ್ಲರಿಗೇ ಬಂದ, ಟೋಪಿ ಕಂಕುಳಲ್ಲಿ ಇಟ್ಟುಕೊಂಡು ಬಾಗಿಲ ಹೊರಗೇ ನಿಂತ.

“ಅಕ್ಕಾರ, ಇದೇನ್ರೀ ಇದು? ಮಾಹಿತಿದಾರ ಅಂತ ಬರದಾರಲ್ರೀ ಪೇಪರ್‌ನ್ಯಾಗ. ನಮ್ಮ ಡಿಪಾರ್ಟ್‌ಮೆಂಟ್‌ನ್ಯಾಗ ಮಾಹಿತಿದಾರ ಅಂದ್ರ ಯಾರು ಅಂತ ನಿಮಗ ಗೊತ್ತಲ್ಲ? ಯಾರಿಗೆ ಕೊಡ್ತಾನ ಮಾಹಿತಿ ಅಂತ ಸಾಹೇಬ್ರು ಕೇಳಾಕತ್ತಾರ.”

“ಪ್ರೊಫೆಸರ್‌ಗೆ ಕೊಟ್ಟಿದ್ದು ಕಣ್ರೀ! ಚಕ್ಕೋತದ ಮಾಹಿತಿ!” ಐರೀನ್ ಕೂಗಿದಳು. “ಊರು ಅಂತ ಕೇಳಿದ್ರೆ ಇನ್ನೇನ್ ಹೇಳ್ತಾರೆ? ನಿಮ್ಮನ್ನ ಕೇಳಿದ್ರೆ ನೀವೇನ್ ಹೇಳ್ತೀರಾ?”

“ನಾ ಏನ್ ಹೇಳ್ತೀನಿ, ಕೊಪ್ಪಳ ಅಂತೀನಿ. ನನಗ ತಿಳೀತದ್ರೀ ಅಕ್ಕಾರ. ನನಗ ತಿಳದ್ರ ಏನ್ ಬಂತು? ಅಚ್ಚಾಗೇತಿ. ಅಚ್ಚಾಗಿದ್ದನ್ನ ಸುಳ್ಳು ಅನ್ನಾಕ ನಾ ಯಾವ ಪೈಕಿ?”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಇದ್ದಾರೆ. ಹುಲಿಗೆಪ್ಪ ಅವರಿಗಿಂತ ಕಡೆ. ಎತ್ತು ಈಯುವುದಿಲ್ಲ ಎಂದು ಗೊತ್ತಿದ್ದೂ ಹಗ್ಗ ಹಿಡಿದು ನಿಂತಿದ್ದ. ದಿಲ್ಲಿಗೆ ಹೋಗಬೇಕಾದ ವರದಿ ನಿಂತಿದೆ, ಮುಂದಿನ ವಾರ ಸಾಹೇಬರ ಮುಂದೆ ವಿಚಾರಣೆ ಇದೆ, ಆ ಪ್ರೊಫೆಸರೇ ಬಂದು ತಪ್ಪಾಗಿದೆ ಎಂದರೆ ಏನಾದರೂ ಆದೀತು ಎಂದು ಹೇಳಿ ಹೋದ.

ಐರೀನ್ ಅಂದೇ ಇಂದಿರಾನಗರಕ್ಕೆ ಹೋದಳು. ಪ್ರೊಫೆಸರು ಪತ್ರಿಕೆಯ ಆ ಪುಟಕ್ಕೆ ಆಗಲೇ ಕಟ್ಟು ಹಾಕಿಸಿ ಗೋಡೆಗೆ ಹೊಡೆದಿದ್ದರು. ಅವಳು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿಕೊಂಡು ಕೇಳಿದರು.

“ನೋಡಿ ಮೇಡಂ, ನಿಮ್ಮ ಆತಂಕ ಅರ್ಥ ಆಗುತ್ತೆ. ಅದೂ ಒಂದು ಡೇಟಾನೇ. ಆದ್ರೆ ಅವರು ‘ನಮ್ಮೂರು’ ಅಂದಿದ್ದು ಟೇಪಲ್ಲಿದೆ.”

“ಸಾರ್, ನಮ್ಮ ಪಾರ್ಲರ್ ಹುಡುಗಿ ಕಾವೇರಿ ರಾಮಮೂರ್ತಿ ನಗರದಲ್ಲಿ ಹುಟ್ಟಿದ್ದು. ಕೇಳಿದ್ರೆ ನಮ್ಮೂರು ಸಿಂಧನೂರು ಅಂತಾಳೆ. ಅವಳ ದೇಹ ಇಲ್ಲಿ, ಮನಸ್ಸು ಅಲ್ಲಿ ಅಂತ ಪೇಪರಲ್ಲಿ ಹಾಕ್ತೀರಾ?”

“ಅದು ಬೇರೆ ಮೇಡಂ. ಅದು ಆಂತರಿಕ ವಲಸೆ. ಇದು ಡಯಾಸ್ಪೊರಾ.”

“ಏನಾದ್ರೂ ಇರ್ಲಿ ಸಾರ್. ಬಂದು ತಪ್ಪಾಯ್ತು ಅಂತ ಒಂದು ಮಾತು ಹೇಳಿ.”

“ತಪ್ಪು ಅಂತ ಹೇಗ್ ಹೇಳ್ಲಿ? ಫೈನಲ್ ರಿಪೋರ್ಟ್ ಹೋಗ್ಬಿಟ್ಟಿದೆಯಲ್ಲ,” ಎಂದರು ಪ್ರೊಫೆಸರು. ಅವರ ಮುಖದಲ್ಲಿ ನಿಜವಾದ ಸಂಕಟವಿತ್ತು. ಸಂಕಟ ರಿಪೋರ್ಟಿಗಾಗಿ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಐರೀನ್ ಕಾಲಿಗೆ ಬೀಳುವ ಜಾತಿಯವಳಲ್ಲ. ಎರಡು ದಿನ ಕಾದಳು. ಮೂರನೇ ದಿನ ಸೀತಮ್ಮ ಅಣ್ಣನ ಮಗಳ ನಿಶ್ಚಿತಾರ್ಥಕ್ಕೆ ಹೋಗುವವಳು ಹುಬ್ಬು ಮಾಡಿಸಿಕೊಳ್ಳಲು ಬಂದಳು. ಐರೀನ್ ದಾರ ಹಲ್ಲಿಗೆ ಕಚ್ಚಿ ಎಡಗಡೆಯ ಹುಬ್ಬನ್ನು ಕಾಮನಬಿಲ್ಲಿನ ಹಾಗೆ ತಿದ್ದಿದಳು. ಆಮೇಲೆ ದಾರವನ್ನು ಕಸದ ಬುಟ್ಟಿಗೆ ಹಾಕಿ ಕೈತೊಳೆದುಕೊಂಡಳು.

“ಇನ್ನೊಂದು?” ಎಂದಳು ಸೀತಮ್ಮ ಕನ್ನಡಿ ನೋಡಿಕೊಂಡು. ಬಲಗಡೆಯದು ಬೇಲಿಯ ಮೇಲಿನ ಬಳ್ಳಿಯ ಹಾಗೆ ಇತ್ತು.

“ಅದು ನಿಮ್ಮನೆಯವರು ವಿಚಾರಣೆಗೆ ಬರ್ತೀನಿ ಅಂದ್ಮೇಲೆ ಆಂಟಿ. ಫೋನ್ ಅಲ್ಲಿದೆ.”

ಸೀತಮ್ಮ ಮೊದಲು ನಕ್ಕಳು, ಆಮೇಲೆ ಸಿಟ್ಟಾದಳು, ಆಮೇಲೆ ಗಡಿಯಾರ ನೋಡಿದಳು. ಗಂಡನಿಗೆ ಫೋನ್ ಮಾಡಿ ಅವಳು ಆಡಿದ ಮಾತು ಕೇಳಿ ಕಾವೇರಿ ಒಳಗೆ ಓಡಿಹೋಗಿ ಬಾಯಿಗೆ ಸೆರಗು ತುರುಕಿಕೊಂಡಳು. ಅಮೆರಿಕಾದ ಗ್ರಾಂಟಿಗೆ ಬಗ್ಗದ ತಲೆ ಒಂದು ಹುಬ್ಬಿಗೆ ಬಗ್ಗಿತು.

ವಿಚಾರಣೆಯ ದಿನ ಮುದುಕ ತಾನೇ ಹೊಲಿದ ಕಂದು ಶೂ ಹಾಕಿಕೊಂಡು ಬಂದ. ಆಟೋದಲ್ಲಿ ಬರುವಾಗಲೇ ಐರೀನ್ ಅವನಿಗೆ ಪಾಠ ಹೇಳಿಕೊಟ್ಟಿದ್ದಳು: ಏನು ಕೇಳಿದರೂ ಪ್ರೊಫೆಸರು ತಪ್ಪು ತಿಳ್ಕೊಂಡ್ರು ಅನ್ನು, ನನ್ನ ಊರು ಬೆಂಗಳೂರು ಅನ್ನು, ಅಷ್ಟೇ. ಮುದುಕ ತಲೆಯಾಡಿಸಿದ್ದ. ಪ್ರೊಫೆಸರು ಟೋಪಿ, ಜೋಳಿಗೆ ಸಮೇತ ಬಂದಿದ್ದರು. ಈ ಕಚೇರಿಯೂ ಅವರಿಗೆ ಫೀಲ್ಡೇ ಇರಬೇಕು.

ಅಧಿಕಾರಿ ಕೆಟ್ಟವನೇನಲ್ಲ. ಮುದುಕನಿಗೆ ಕುರ್ಚಿ ಹಾಕಿಸಿದ. ಪತ್ರಿಕೆಯ ತುಂಡನ್ನು ಮೇಜಿನ ಮೇಲೆ ಇಟ್ಟು, ತಾನೇ ದಾರಿ ಮಾಡಿಕೊಟ್ಟ: “ಪ್ರೊಫೆಸರ್, ಇದೇನು ಅಂಥಾ ದೊಡ್ಡ ವಿಷಯ ಅಲ್ಲ. ಈ ತಾತ ಏನೋ ಹೇಳಿದ್ರು, ನೀವು ಸ್ವಲ್ಪ ಬೇರೆ ಥರ ಅರ್ಥ ಮಾಡ್ಕೊಂಡ್ರಿ, ಅಲ್ವಾ? ಹಾಗಂತ ಬರ್ಕೊಡಿ. ನಾನು ವರದಿ ಕಳಿಸ್ಬಿಡ್ತೀನಿ.”

ಒಂದು ‘ಹೌದು’ ಸಾಕಿತ್ತು. ಮೂರಕ್ಷರ ಕೂಡ ಇಲ್ಲದ ಮಾತು.

ಪ್ರೊಫೆಸರು ಗಂಟಲು ಸರಿಮಾಡಿಕೊಂಡರು. “ಅರ್ಥ ಮಾಡ್ಕೊಳ್ಳೋದ್ರಲ್ಲಿ ನಂದು ತಪ್ಪಾಗಿದೆ ಅಂತ ಅಲ್ಲ ಸಾರ್. ನಾನು ಇಪ್ಪತ್ತೆರಡು ವರ್ಷದಿಂದ ಈ ಕ್ಷೇತ್ರದಲ್ಲಿದೀನಿ. ಸಂದರ್ಭದಿಂದ ಹೊರಗೆ ಎತ್ತಿದಾರೆ ಅಂತ ಬೇಕಾದ್ರೆ ಹೇಳ್ತೀನಿ. ಆದ್ರೆ ನನ್ನ ಡೇಟಾ ಸರಿಯಾಗಿದೆ.”

“ಅಂದ್ರೆ ಅವರು ಹಾಗಂದಿದ್ದು ನಿಜ?”

“ಪದಶಃ ನಿಜ. ಟೇಪ್ ಇದೆ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹೊರಟ ಪ್ರೊಫೆಸರು ಕೊನೆಗೆ ಪಕ್ಕದಲ್ಲಿ ಕೂತ ಮುದುಕನ ಕಾಲಿನ ಮೇಲೆ ಕೋಲು ಬಿಟ್ಟರು. ಐರೀನ್‌ಗೆ ಎದ್ದು ಆ ಟೋಪಿಯನ್ನು ಕಿತ್ತು ಕಿಟಕಿಯಿಂದ ಎಸೆಯಬೇಕು ಅನ್ನಿಸಿತು. ಅಧಿಕಾರಿ ನಿಟ್ಟುಸಿರುಬಿಟ್ಟು ಮುದುಕನ ಕಡೆ ತಿರುಗಿದ. “ಏನ್ ತಾತ? ನೀವು ಹಾಗ್ ಹೇಳಿದ್ರಾ? ಯೋಚನೆ ಮಾಡಿ ಹೇಳಿ.”

ಮುದುಕ ಮಗಳ ಮುಖ ನೋಡಿದ. ಪಾಠ ಅವನಿಗೆ ನೆನಪಿತ್ತು. ಅದು ಅವನ ಕಣ್ಣಿನಲ್ಲಿ ಕಾಣುತ್ತಿತ್ತು. “ಹೇಳ್ದೆ ಸಾರ್. ಊರು ಕೇಳಿದ್ರು, ಹೇಳ್ದೆ. ನಮ್ಮಪ್ಪ ಹುಟ್ಟಿದ ಊರು. ಅದನ್ನ ಇಲ್ಲ ಅಂದ್ರೆ ಅಪ್ಪನ್ನೇ ಇಲ್ಲ ಅಂದಂಗೆ ಆಗಲ್ವಾ? ಆ ಒಂದು ಸುಳ್ಳು ಹೇಳಿ ಓಟು ಹಾಕ್ಲಾ?”

ಅಧಿಕಾರಿ ಗುಮಾಸ್ತನಿಗೆ ಸನ್ನೆ ಮಾಡಿದ. ಹೇಳಿಕೆ ಬರೆದುಕೊಳ್ಳಬೇಕಲ್ಲ, ಗುಮಾಸ್ತ ಮೊದಲು ಪ್ರೊಫೆಸರ ಕಡೆ ತಿರುಗಿ, ತಲೆ ಎತ್ತದೆ, ದಿನಕ್ಕೆ ನೂರು ಸಲ ಕೇಳುವ ದನಿಯಲ್ಲಿ ಕೇಳತೊಡಗಿದ. ಹೆಸರು? ಹೇಳಿದರು. ತಂದೆಯ ಹೆಸರು? ಹೇಳಿದರು. ವಾಸ? ಇಂದಿರಾನಗರ.

“ಸ್ವಂತ ಊರು?”

“ತಿಮ್ಮಸಂದ್ರ. ಮಾಲೂರು ತಾಲ್ಲೂಕು,” ಎಂದರು ಪ್ರೊಫೆಸರು, ಒಂದು ಕ್ಷಣವೂ ತಡೆಯದೆ.

ಐರೀನ್ ಕುರ್ಚಿಯ ತುದಿಗೆ ಬಂದಳು. “ಅಲ್ಲಿ ಎಷ್ಟು ವರ್ಷ ಇದ್ರಿ ಸಾರ್?”

“ನಾನೆಲ್ಲಿ ಇದ್ದೆ ಮೇಡಂ? ನಾನು ಹುಟ್ಟಿ ಬೆಳೆದಿದ್ದೆಲ್ಲ ಬಸವನಗುಡಿ. ನಮ್ಮ ತಾತನ ಕಾಲಕ್ಕೇ ಬಿಟ್ಟು ಬಂದಿದ್ದು. ನಾನು ಆ ಊರು ನೋಡೇ ಇಲ್ಲ...”

ಗುಮಾಸ್ತನ ಪೆನ್ನು ನಿಂತಿತು. ಬಾಗಿಲ ಹತ್ತಿರ ನಿಂತಿದ್ದ ಹುಲಿಗೆಪ್ಪ ಕೆಮ್ಮಿದ, ಕೆಮ್ಮು ನಗುವಾಗಿ ಹೊರಗೆ ಓಡಿದ. ಅಧಿಕಾರಿ ಕನ್ನಡಕ ತೆಗೆದು, ಪ್ರೊಫೆಸರನ್ನು ನೋಡಿ, ಮುದುಕನನ್ನು ನೋಡಿ, ಹೊಟ್ಟೆ ಕುಲುಕಿಸಿಕೊಂಡು ನಕ್ಕ. ಗುಮಾಸ್ತನೂ ನಕ್ಕ. ಐರೀನ್ ಕೂಡ ನಕ್ಕುಬಿಟ್ಟಳು. ಮುಗಿಯಿತು, ಗೆದ್ದೆವು ಎಂದುಕೊಂಡಳು. ಇಷ್ಟು ಚೆನ್ನಾಗಿ ಅರ್ಥವಾದ ಮೇಲೆ ಇನ್ನೇನಿದೆ?

ಅಧಿಕಾರಿ ಕಣ್ಣು ಒರೆಸಿಕೊಂಡು ಕನ್ನಡಕ ಹಾಕಿಕೊಂಡ. “ಬರ್ಕೊಳ್ಳಯ್ಯ, ತಿಮ್ಮಸಂದ್ರ” ಎಂದ ಗುಮಾಸ್ತನಿಗೆ. ಆಮೇಲೆ ಪತ್ರಿಕೆಯ ತುಂಡನ್ನು ಫೈಲಿನೊಳಗೆ ಇಟ್ಟು ದಾರ ಕಟ್ಟಿದ.

“ಸಾರ್?” ಎಂದಳು ಐರೀನ್.

“ಅರ್ಥ ಆಯ್ತಮ್ಮ. ನಂಗೂ ಊರಿದೆ, ನಾನೂ ನೋಡಿಲ್ಲ. ಆದ್ರೆ ಅವರ ಊರು ಮಾಲೂರು. ಮಾಲೂರಿನ ಜೊತೆ ನಮಗೇನು ಯುದ್ಧ ಆಗಿದ್ಯಾ? ಈ ವರ್ಷ ಈ ಹೇಳಿಕೆ ಇಟ್ಕೊಂಡು ನಾನು ಸಹಿ ಹಾಕಿದ್ರೆ ನಾಳೆ ಟ್ರಾನ್ಸ್‌ಫರ್ ಆಗಿ ನನ್ನ ಊರು ಬೀದರ್ ಆಗುತ್ತೆ. ಅರ್ಜಿ ತಿರಸ್ಕಾರ ಅಂತ ಹೋಗುತ್ತೆ. ತಾತ, ಜನವರಿಗೆ ಪರ್ಮಿಟ್ ರಿನ್ಯೂ ಮಾಡಿಸ್ಕೊಳ್ಳಿ, ಮರೀಬೇಡಿ.”

ನಕ್ಕಿದ್ದು ನಗುವಿನ ಲೆಕ್ಕಕ್ಕೆ, ಫೈಲು ಫೈಲಿನ ಲೆಕ್ಕಕ್ಕೆ. ಇಂಥವರಿಗೆ ಅರ್ಥವಾಗುವುದಿಲ್ಲ ಎಂದು ಐರೀನ್ ಇಷ್ಟು ವರ್ಷ ತಿಳಿದಿದ್ದಳು. ಅರ್ಥವಾಗುತ್ತದೆ, ಎಲ್ಲ ಅರ್ಥವಾಗುತ್ತದೆ, ಹುಲಿಗೆಪ್ಪನಿಗೂ, ಗುಮಾಸ್ತನಿಗೂ, ಈ ಸಾಹೇಬನಿಗೂ. ಅದು ತಿಳಿದ ಮೇಲೆ ಅವಳಿಗೆ ಅವರ ಮೇಲೆ ಸಿಟ್ಟು ಕೂಡ ಬರಲಿಲ್ಲ. ಹೇಸಿಗೆ ಬಂತು.

ಮೆಟ್ಟಿಲು ಇಳಿಯುವಾಗ ಮುದುಕ ಕಟಾಂಜನ ಹಿಡಿದು ಒಂದೊಂದೇ ಹೆಜ್ಜೆ ಇಟ್ಟ. ಹತ್ತುವಾಗ ಹಾಗೆ ಹಿಡಿದಿರಲಿಲ್ಲ. ಹಿಂದಿನಿಂದ ಪ್ರೊಫೆಸರು ದಡದಡನೆ ಬಂದರು. ಮುಖ ಕೆಂಪಾಗಿತ್ತು. ನಾಚಿಕೆಯಿಂದ ಎಂದು ಐರೀನ್ ತಿಳಿದಳು, ಒಂದು ಗಳಿಗೆ ಅವಳ ಮನಸ್ಸು ಮೆತ್ತಗಾಗುವುದರಲ್ಲಿತ್ತು.

“ಮೇಡಂ, ಎಂಥಾ ಇನ್‌ಸೈಟ್ ಬಂತು ನೋಡಿ!” ಎಂದರು ಪ್ರೊಫೆಸರು, ಏದುಸಿರು ಬಿಡುತ್ತ. “ಊರು ಅನ್ನೋ ಕಲ್ಪನೆ! ಇದರ ಮೇಲೆ ಯಾರೂ ಕೆಲಸಾನೇ ಮಾಡಿಲ್ಲ. ನಾನೇ ಒಂದು ಎಕ್ಸಾಂಪಲ್ ಅಲ್ವಾ? ಇದೇ ಇನ್ನೊಂದು ಪೇಪರ್ ಆಗುತ್ತೆ. ಲಂಡನ್ನಲ್ಲಿ ಒಂದು ಕಾನ್ಫರೆನ್ಸ್ ಕೂಡ ಇದೆ.”

ಐರೀನ್‌ಗೆ ನಾಲ್ಕು ಭಾಷೆಯ ಬೈಗುಳಗಳೂ ಒಟ್ಟಿಗೆ ನಾಲಿಗೆಗೆ ಬಂದವು. ಒಂದಾದರೂ ಇವನ ಅಳತೆಗೆ ಸಾಲುವಂತಿರಲಿಲ್ಲ.

ಮಾತಾಡಿದವನು ಮುದುಕ. ಕೆಳಗಿನ ಮೆಟ್ಟಿಲಲ್ಲಿ ನಿಂತು, ತಿರುಗಿ, ತಲೆ ಎತ್ತಿ, ಎಂದಿನ ಮರ್ಯಾದೆಯಲ್ಲೇ ಹೇಳಿದ:

“ಸಾರ್, ಒಂದ್ಸಲ ನಿಮ್ಮೂರಿಗೆ ಹೋಗ್ಬನ್ನಿ. ಮಾಲೂರು ಇಲ್ಲೇ ಅಲ್ವಾ, ಬಸ್ ಇದೆ. ಹೋದ್ರೆ ವಾಪಸ್ ಬರೋಕೆ ನಿಮ್ಮನ್ನ ಬಿಡ್ತಾರೆ.”

ಪ್ರೊಫೆಸರು ಜೋಳಿಗೆಯಿಂದ ಪೆನ್ನು ತೆಗೆದು ಅದನ್ನೂ ಬರೆದುಕೊಂಡರು.